ಹಲ್ಲು ಬಿಟ್ಟುಹೋದ ಜಾಗ

ಸ್ಕ್ಯಾನ್ ಮುಗಿದ ಮೇಲೆ ಡಾಕ್ಟರ್ ಕಂಪ್ಯೂಟರ್ ಪರದೆಯನ್ನು ನನ್ನ ಕಡೆ ತಿರುಗಿಸಿದರು. ದವಡೆಯನ್ನು ತೆಳು ತೆಳು ಬಿಲ್ಲೆಗಳಾಗಿ ಕೊಯ್ದು ತೋರಿಸುವಂಥ ಚಿತ್ರ. ಪಕ್ಕದ ಹಲ್ಲು ಇದ್ದ ಕಡೆ ಮೂಳೆ ಅಗಲವಾಗಿ, ದುಂಡಗೆ ಇತ್ತು. ನನ್ನ ಹಲ್ಲು ಹೋದ ಕಡೆ ಚಾಕುವಿನ ಅಂಚಿನ ಹಾಗೆ ಸಣ್ಣಗಾಗಿತ್ತು. ಮೌಸ್ ಹಿಡಿದು ಅಡ್ಡಲಾಗಿ ಒಂದು ಗೆರೆ ಎಳೆದರು. ಪಕ್ಕದಲ್ಲಿ ಅಂಕಿ ಬಂತು: 3.4 ಮಿಲಿಮೀಟರ್.

"ಹಾಕಬೇಕಾದ ಇಂಪ್ಲಾಂಟೇ, ಅಂದ್ರೆ ಬೇರಿನ ಬದಲು ಮೂಳೆಯೊಳಗೆ ಕೂರಿಸೋ ಲೋಹದ ತಿರುಪೇ, ಸುಮಾರು 4 ಮಿಲಿಮೀಟರ್ ದಪ್ಪ ಇರುತ್ತೆ. ಅದರ ಹೊರಗಡೆ ಒಂದೂವರೆಯಿಂದ ಎರಡು ಮಿಲಿಮೀಟರ್ ಮೂಳೆ ಬೇಕು. ಒಳಗಡೆ ಕನಿಷ್ಠ ಒಂದು. ನೀವೇ ಲೆಕ್ಕ ಹಾಕಿ ನೋಡಿ" ಅಂದರು.

ಲೆಕ್ಕ ಹಾಕಿದೆ. ಹತ್ತಿರ ಹತ್ತಿರ 7 ಬೇಕು. ನನ್ನಲ್ಲಿ ಇದ್ದದ್ದು ಅದರ ಅರ್ಧ.

ಹಲ್ಲು ಹೋಗಿ ಆರು ವರ್ಷ ಆಗಿತ್ತು. ಮೇಲಿನ ಸಾಲಿನಲ್ಲಿ, ಕೋರೆಹಲ್ಲಿನ ಹಿಂದಿನದು. ಮೊದಲೇ ರೂಟ್ ಕೆನಾಲ್ ಆಗಿದ್ದ ಹಲ್ಲು. ಬೇರು ಉದ್ದಕ್ಕೆ ಸೀಳಿ, ಸುತ್ತ ಕೀವು ಸೇರಿತ್ತು. ಹಾಗೆ ಸೀಳಿದ ಮೇಲೆ ಕೀಳಿಸದೆ ದಾರಿ ಇರಲಿಲ್ಲ, ಅದರ ಬಗ್ಗೆ ನನಗೆ ತಕರಾರಿಲ್ಲ. ಕಿತ್ತ ಡಾಕ್ಟರ್ ಒಳ್ಳೆಯವರು, ಕೈ ಹಗುರ. ಹತ್ತಿ ಕಚ್ಚಿಸಿ, ಮಾತ್ರೆ ಬರೆದುಕೊಟ್ಟು, "ಗಾಯ ಪೂರ್ತಿ ಮಾಗಲಿ. ಆಮೇಲೆ ಯಾವಾಗ ಬೇಕಾದ್ರೂ ಹಲ್ಲು ಕಟ್ಟಿಸ್ಕೊಳ್ಳಿ" ಎಂದು ಕಳಿಸಿದರು. ಆ "ಯಾವಾಗ ಬೇಕಾದ್ರೂ" ಎಂಬ ಮಾತನ್ನು ನಾನು ಭದ್ರವಾಗಿ ಹಿಡಿದುಕೊಂಡೆ. ನೋವಿಲ್ಲ, ಅಗಿಯಲು ಇನ್ನೊಂದು ಕಡೆ ಇದೆ, ನಕ್ಕಾಗ ಸ್ವಲ್ಪ ಕತ್ತಲೆ ಕಾಣುತ್ತದೆ ಅಷ್ಟೇ. ಮುಂದಿನ ವರ್ಷ, ಮುಂದಿನ ವರ್ಷ ಎಂದುಕೊಂಡೇ ಆರು ವರ್ಷ ಹೋಯಿತು. ಗುಳಿಯ ಒಳಗೆ ಏನು ನಡೆಯುತ್ತಿದೆ ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ಏನು ನಡೆಯುತ್ತಿತ್ತು ಅಂತ ಈಗ ಗೊತ್ತು. ಅದನ್ನು ಹೇಳಲಿಕ್ಕೇ ಈ ಬರಹ.

ದವಡೆ ಅಂದರೆ ಒಂದೇ ಗಟ್ಟಿ ಮೂಳೆ, ಅದಕ್ಕೆ ಹಲ್ಲು ನೆಟ್ಟಿದೆ ಎಂದು ನಾನು ತಿಳಿದಿದ್ದೆ. ನಿಜವಾಗಿ ದವಡೆಯಲ್ಲಿ ಎರಡು ಭಾಗ. ಕೆಳಗೆ ತಳಪಾಯದಂಥ ಮೂಳೆ. ಅದರ ಮೇಲೆ ಹಲ್ಲಿನ ಬೇರುಗಳನ್ನು ತಬ್ಬಿ ನಿಂತ ಇನ್ನೊಂದು ಮೂಳೆ. ಈ ಎರಡನೆಯದು ಹಲ್ಲಿಗಾಗಿಯೇ ಹುಟ್ಟುತ್ತದೆ. ಹಲ್ಲು ಮೂಡುವಾಗ ಬೆಳೆಯುತ್ತದೆ, ಹಲ್ಲು ಹೋದರೆ ಕರಗುತ್ತದೆ. ಹಲ್ಲು ಅದಕ್ಕೆ ನೇರವಾಗಿ ಅಂಟಿಕೊಂಡೂ ಇಲ್ಲ. ನಡುವೆ ಸುಮಾರು ಕಾಲು ಮಿಲಿಮೀಟರ್ ದಪ್ಪದ ನಾರಿನ ಪದರ ಇದೆ. ನಾವು ಪ್ರತಿ ಸಲ ಅಗಿದಾಗ ಆ ನಾರುಗಳು ಮೂಳೆಯನ್ನು ಮೆಲ್ಲಗೆ ಎಳೆಯುತ್ತವೆ. ಆ ಎಳೆತದಿಂದಲೇ ಮೂಳೆಗೆ ತನ್ನ ಕೆಲಸ ಇನ್ನೂ ಇದೆ ಎಂದು ಗೊತ್ತಾಗುವುದು. ಮೂಳೆ ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನನ್ನು ಕಟ್ಟಿಕೊಳ್ಳುತ್ತದೆ ಎಂದು ಜರ್ಮನಿಯ ಶಸ್ತ್ರವೈದ್ಯ ಯೂಲಿಯಸ್ ವೋಲ್ಫ್ 1892ರಲ್ಲೇ ಬರೆದಿದ್ದರು. ಭಾರ ಹೋದರೆ ಕಟ್ಟಡವೂ ಹೋಗುತ್ತದೆ.

ಗುಳಿಯ ಹೊರಗೋಡೆಯ ಕಥೆ ಇನ್ನೂ ಸೂಕ್ಷ್ಮ. ಮೇಲಿನ ಮುಂದಿನ ಹಲ್ಲುಗಳಲ್ಲಿ, ತುಟಿಯ ಕಡೆಗಿನ ಆ ಗೋಡೆ ಹೆಚ್ಚಿನವರಲ್ಲಿ 1 ಮಿಲಿಮೀಟರಿಗಿಂತ ತೆಳು. ಅದಕ್ಕೆ ರಕ್ತ ಸಿಗುವ ದಾರಿಗಳಲ್ಲಿ ಆ ನಾರಿನ ಪದರವೂ ಒಂದು. ಹಲ್ಲಿನ ಜೊತೆ ಪದರವೂ ಕಿತ್ತುಬಂದರೆ ಆ ದಾರಿ ಮುಚ್ಚಿತು. ಹೊಸ ಮೂಳೆ ಗುಳಿಯ ತಳದಿಂದ ಮೇಲೆ ತುಂಬಿಕೊಂಡು ಬರುತ್ತಿರುವಾಗಲೇ ಹೊರಗೋಡೆ ಕುಸಿಯುತ್ತಿರುತ್ತದೆ. ಡೆನ್ಮಾರ್ಕಿನವರು 2003ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಲೆಕ್ಕ ನನ್ನನ್ನು ತುಂಬಾ ಕಾಡಿತು. ಹಲ್ಲು ಕಿತ್ತ 12 ತಿಂಗಳಲ್ಲಿ ಆ ಜಾಗದ ಅಗಲ ಸುಮಾರು ಅರ್ಧದಷ್ಟು ಕಡಿಮೆಯಾಗುತ್ತದೆ. ಅದರಲ್ಲೂ ಮೂರನೇ ಎರಡು ಪಾಲು ಹೋಗುವುದು ಮೊದಲ 3 ತಿಂಗಳಲ್ಲೇ. ಅಂದರೆ ನಾನು "ಗಾಯ ಮಾಗಲಿ" ಎಂದು ಸುಮ್ನೆ ಕಾಯುತ್ತಿದ್ದ ಆ ಮೂರು ತಿಂಗಳಲ್ಲೇ ಹೆಚ್ಚಿನದೆಲ್ಲ ಹೋಗಿಯಾಗಿತ್ತು. ನನ್ನದರಲ್ಲಿ ಕೀವು ಮೊದಲೇ ಹೊರಗೋಡೆಯನ್ನು ತಿಂದಿದ್ದರಿಂದ ಇನ್ನೂ ಜಾಸ್ತಿ.

ಇದನ್ನು ಓದುವಾಗ ಅಮ್ಮನ ನೆನಪು ಬರುತ್ತಲೇ ಇತ್ತು. ಅಮ್ಮನಿಗೆ ಎರಡೂ ದವಡೆಗೆ ಕಟ್ಟಿಸಿದ ಹಲ್ಲಿನ ಪೂರ್ತಿ ಸೆಟ್ಟು. ಮೇಲಿನದು ಹೇಗೋ ನಿಲ್ಲುತ್ತದೆ. ಕೆಳಗಿನದು ಮಾತ್ರ ಎರಡು ಮೂರು ವರ್ಷಕ್ಕೊಮ್ಮೆ ಸಡಿಲ. ಮಾತಾಡುವಾಗ ನಾಲಿಗೆಯಿಂದ ಅದನ್ನು ಒತ್ತಿ ಹಿಡಿದುಕೊಳ್ಳುವುದು ಅವರಿಗೆ ಅಭ್ಯಾಸವಾಗಿ ಹೋಗಿದೆ. ಸೆಟ್ಟು ಮಾಡಿದವರದ್ದೇ ತಪ್ಪು ಎಂದು ನಾವೆಲ್ಲ ಅಂದುಕೊಂಡಿದ್ದೆವು. ಸೆಟ್ಟು ಇದ್ದ ಹಾಗೇ ಇತ್ತು, ಅದರ ಕೆಳಗಿನ ಮೂಳೆ ತಗ್ಗುತ್ತಾ ಹೋಗಿತ್ತು. ಪೂರ್ತಿ ಸೆಟ್ಟು ಹಾಕಿಸಿಕೊಂಡವರ ದವಡೆಗಳನ್ನು 25 ವರ್ಷ ಅಳೆದು ನೋಡಿದ ಆಂಟ್ಯೆ ಟಾಲ್‌ಗ್ರೆನ್ ಎಂಬವರು 1972ರಲ್ಲಿ ಇದನ್ನು ಬರೆದಿಟ್ಟಿದ್ದಾರೆ. ಮೇಲಿನ ದವಡೆಗಿಂತ ಕೆಳಗಿನದು ಸುಮಾರು ನಾಲ್ಕು ಪಟ್ಟು ಜಾಸ್ತಿ ಸವೆಯುತ್ತದಂತೆ. ಅಮ್ಮನ ತುಟಿ ಒಳಕ್ಕೆ ಹೋಗಿ ಮುಖ ಚಿಕ್ಕದಾದದ್ದನ್ನು ನಾವು ವಯಸ್ಸಿನ ಲೆಕ್ಕಕ್ಕೆ ಬರೆದಿದ್ದೆವು. ಪಾಪ, ಅದರಲ್ಲಿ ಎಷ್ಟೋ ಪಾಲು ಈ ಮೂಳೆಯದು.

ಸರಿ, ಕಳೆದುಹೋದ ಮೂಳೆಯನ್ನು ಮತ್ತೆ ತರುವುದು ಹೇಗೆ? ನಾನು ಕೇಳಿದ್ದು ಎಲ್ಲರೂ ಕೇಳುವ ಪ್ರಶ್ನೆ. "ಡಾಕ್ಟ್ರೇ, ಬೇರೆ ಮೂಳೆ ತಂದು ಇಲ್ಲಿ ಅಂಟಿಸ್ತೀರಾ?"

"ನಾನು ಮೂಳೆ ಕಟ್ಟಲ್ಲ. ಕಟ್ಟೋದು ನಿಮ್ಮ ಮೈ. ನಾನು ಜಾಗ ಕಾಯ್ತೀನಿ ಅಷ್ಟೇ" ಅಂದರು.

ಆಗ ಅದು ವಿನಯದ ಮಾತು ಅನ್ನಿಸಿತು. ಆಮೇಲೆ ಓದುತ್ತಾ ಹೋದಾಗ, ಅವರು ಇಡೀ ವಿದ್ಯೆಯನ್ನು ಒಂದೇ ಸಾಲಿನಲ್ಲಿ ಹೇಳಿದ್ದರು ಎಂದು ಅರ್ಥವಾಯಿತು.

ಗಾಯ ಆದ ಜಾಗಕ್ಕೆ ಬೇರೆ ಬೇರೆ ಜೀವಕಣಗಳು ಓಡಿ ಬರುತ್ತವೆ. ವಸಡಿನ ಕಣಗಳ ಕಾಲು ಚುರುಕು. ಮೂಳೆ ಕಟ್ಟುವ ಕಣಗಳು ನಿಧಾನ. ಯಾರು ಮೊದಲು ಬಂದು ಕೂರುತ್ತಾರೋ ಜಾಗ ಅವರದ್ದು. 1976ರಲ್ಲಿ ಮೆಲ್ಚರ್ ಎಂಬ ವಿಜ್ಞಾನಿ ಈ ವಿಚಾರವನ್ನು ಮುಂದಿಟ್ಟರು. ಹಾಗಾದರೆ ಚುರುಕಾಗಿ ಬರುವವರನ್ನು ಒಂದು ಪರದೆ ಕಟ್ಟಿ ತಡೆದರೆ ಹೇಗೆ? 1988ರಲ್ಲಿ ಸ್ವೀಡನ್ನಿನ ಡಾಲಿನ್ ಮತ್ತು ಜೊತೆಗಾರರು ಇಲಿಗಳ ದವಡೆಯ ಎರಡೂ ಬದಿಗೆ ಒಂದೇ ಅಳತೆಯ ತೂತು ಮಾಡಿದರು. ಒಂದು ಬದಿಗೆ ತೆಳುವಾದ ಟೆಫ್ಲಾನ್ ಪೊರೆ ಮುಚ್ಚಿದರು, ಇನ್ನೊಂದನ್ನು ಹಾಗೇ ಬಿಟ್ಟರು. ಪೊರೆ ಮುಚ್ಚಿದ ಕಡೆ ಕೆಲವೇ ವಾರಗಳಲ್ಲಿ ಮೂಳೆ ಕೂಡಿಕೊಂಡಿತು. ಬಿಟ್ಟ ಕಡೆ ಮೆದು ಮಾಂಸ ತುಂಬಿ, ತೂತು ತೂತಾಗಿಯೇ ಉಳಿಯಿತು. ಎರಡೂ ಕಡೆ ಅದೇ ಪ್ರಾಣಿ, ಅದೇ ರಕ್ತ. ಒಂದು ಕಡೆ ಜಾಗ ಕಾಯಲು ಪೊರೆ ಇತ್ತು, ಇನ್ನೊಂದು ಕಡೆ ಯಾರೂ ಇರಲಿಲ್ಲ.

ನನಗೆ ಮಾಡಿದ್ದೂ ಇದೇ ತತ್ವದ ಕೆಲಸ. ಮರಗಟ್ಟುವ ಇಂಜೆಕ್ಷನ್ ಕೊಟ್ಟು ವಸಡನ್ನು ಬಿಡಿಸಿದರು. ತೆಳುವಾದ ಹಳೆ ಮೂಳೆಯ ಮೇಲೆ ಚಿಕ್ಕ ಚಿಕ್ಕ ತೂತು ಕೊರೆದರು. ಒಳಗಿನ ರಕ್ತ ಹೊರಗೆ ಒಸರಲಿ, ಮೂಳೆ ಕಟ್ಟುವ ಕಣಗಳು ಅದರ ಜೊತೆ ಬರಲಿ ಅಂತ. ಕೆಳದವಡೆಯ ಹಿಂಭಾಗದಿಂದ ನನ್ನದೇ ಮೂಳೆಯನ್ನು ತುರಿದು ತೆಗೆದರು. ಆ ಸದ್ದು ಕಿವಿಯ ಒಳಗಿನಿಂದಲೇ ಬಂದ ಹಾಗಿತ್ತು. ಅದಕ್ಕೆ ಅಂಗಡಿಯಿಂದ ತಂದ ಮೂಳೆ ಪುಡಿ ಬೆರೆಸಿದರು. ಪುಡಿ ಅನ್ನುತ್ತಾರೆ, ಆದರೆ ಅದು ಬಿಳಿ ಹರಳು ಮರಳಿನ ಹಾಗೆ ಕಾಳು ಕಾಳಾಗಿರುತ್ತದೆ.

ಈ ಕಾಳುಗಳ ಬಗ್ಗೆ ಸ್ವಲ್ಪ ಹೇಳಬೇಕು. ಇವು ಎಲ್ಲಿಂದ ಬರುತ್ತವೆ ಎಂಬುದು ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ನಾಲ್ಕು ಮೂಲಗಳಿವೆ: ನಮ್ಮದೇ ಮೂಳೆ, ದಾನಿಗಳ ಮೂಳೆ, ಪ್ರಾಣಿಗಳ ಮೂಳೆ, ಮತ್ತು ಕಾರ್ಖಾನೆಯಲ್ಲಿ ತಯಾರಾದ ಕ್ಯಾಲ್ಸಿಯಂ ಲವಣಗಳು. ಪ್ರಾಣಿಗಳದ್ದೆಂದರೆ ಹೆಚ್ಚಾಗಿ ದನದ್ದು. ಅದರೊಳಗಿನ ಜೀವದ ಅಂಶವನ್ನೆಲ್ಲ ತೆಗೆದು ಖನಿಜದ ಹಂದರ ಮಾತ್ರ ಉಳಿಸಿರುತ್ತಾರೆ. ಮೇಲೆ ಮುಚ್ಚುವ, ಕೊಲಾಜನ್ ಎಂಬ ಪ್ರೊಟೀನಿನ ಪೊರೆ ಹಂದಿಯದ್ದೋ ದನದ್ದೋ ಆಗಿರಬಹುದು. ನನ್ನ ಡಾಕ್ಟರ್ ಇದನ್ನೆಲ್ಲ ಮೊದಲೇ ಹೇಳಿ, ಒಪ್ಪಿಗೆ ಇದೆಯಾ ಎಂದು ಕೇಳಿದರು. ನಂಬಿಕೆಯ ಕಾರಣಕ್ಕೆ ಬೇಡ ಅನ್ನುವವರಿಗೆ ಬೇರೆ ದಾರಿ ಇದೆ ಅಂದರು. ಹೀಗೆ ಕೇಳುವುದು ಸರಿಯಾದ ಕ್ರಮ. ಕೇಳದಿದ್ದರೆ ನಾವೇ ಕೇಳಬೇಕು. ನಮ್ಮ ಮೈಯೊಳಗೆ ಇರಲಿರುವ ವಸ್ತು, ಅಲ್ವಾ?

ನಮ್ಮದೇ ಮೂಳೆಯಲ್ಲಿ ಜೀವಂತ ಕಣಗಳಿರುತ್ತವೆ. "ಇಲ್ಲಿ ಮೂಳೆ ಕಟ್ಟಿ" ಎಂದು ಕೂಗಿ ಕರೆಯುವ ಪ್ರೊಟೀನುಗಳೂ ಇರುತ್ತವೆ. ಅಂಥ ಕರೆ ಇದೆ ಎಂದು ತೋರಿಸಿಕೊಟ್ಟವರು ಅಮೆರಿಕದ ಮೂಳೆ ವೈದ್ಯ ಮಾರ್ಷಲ್ ಯೂರಿಸ್ಟ್, 1965ರಲ್ಲಿ. ಸುಣ್ಣದ ಅಂಶ ತೆಗೆದ ಮೂಳೆಯ ತುಣುಕನ್ನು ಪ್ರಾಣಿಗಳ ಮಾಂಸಖಂಡದೊಳಗೆ ಇಟ್ಟರೆ, ಮೂಳೆ ಇರಬಾರದ ಆ ಜಾಗದಲ್ಲೂ ಹೊಸ ಮೂಳೆ ಹುಟ್ಟಿತು. ಆದರೆ ನಮ್ಮ ಮೂಳೆಗೆ ಒಂದು ಕೊರತೆ ಇದೆ, ಬೇಗ ಕರಗಿಬಿಡುತ್ತದೆ. ದನದ ಮೂಳೆಯ ಕಾಳು ಕರೆಯುವುದಿಲ್ಲ, ಆದರೆ ವರ್ಷಗಟ್ಟಲೆ ಅಲ್ಲಾಡದೆ ಜಾಗ ಹಿಡಿದು ನಿಲ್ಲುತ್ತದೆ. ಒಂದು ಕರೆಯಲಿಕ್ಕೆ, ಇನ್ನೊಂದು ಕಾಯಲಿಕ್ಕೆ. ಎರಡನ್ನೂ ಬೆರೆಸುವುದು ಅದಕ್ಕೇ.

ಬೆರೆಸಿದ್ದನ್ನು ಒತ್ತಿ, ಮೇಲೆ ಪೊರೆ ಹೊದಿಸಿ, ಪೊರೆ ಜಾರದಂತೆ ಸಣ್ಣ ಪಿನ್ನುಗಳನ್ನು ಹೊಡೆದರು. ಒಳಗೆ ದಪ್ಪವಾದ ಮೇಲೆ ಮೊದಲಿನ ವಸಡು ಸಾಲುವುದಿಲ್ಲ. ಆದ್ದರಿಂದ ವಸಡಿನ ಒಳಮೈಯನ್ನು ಸ್ವಲ್ಪ ಕೊಯ್ದು ಸಡಿಲ ಮಾಡಿ, ಎಳೆದು ತಂದು, ಬಿಗಿತ ಇಲ್ಲದ ಹಾಗೆ ಹೊಲಿದರು. ಹೊಲಿಗೆ ಬಿಗಿದರೆ ಬಿರಿಯುತ್ತದೆ, ಬಿರಿದರೆ ಎಲ್ಲ ಹೋಗಬಹುದು. ಒಂದೂವರೆ ಗಂಟೆಯ ಕೆಲಸದಲ್ಲಿ ಅವರು ಅತಿ ಹೆಚ್ಚು ಹೊತ್ತು ತೆಗೆದುಕೊಂಡದ್ದು ಇದಕ್ಕೇ.

ಏಳುವಾಗ ಹೇಳಿದ ಮಾತು: "ತುಟಿ ಎತ್ತಿ ಎತ್ತಿ ನೋಡ್ಬೇಡಿ." ವಿಚಿತ್ರ ಅನ್ನಿಸಿತು. ಆದರೆ ಕಾರಣ ಗಟ್ಟಿ. ತುಟಿ ಎಳೆದಾಗ ಹೊಲಿಗೆ ಎಳೆಯುತ್ತದೆ, ಒಳಗಿನ ಹೆಪ್ಪು ರಕ್ತ ಕದಲುತ್ತದೆ. ಆ ಹೆಪ್ಪೇ ಮುಂದೆ ಬರುವ ಮೂಳೆಯ ಮೊದಲ ನೆಲ. ಕಾಳುಗಳು ಒಂದಿಷ್ಟೇ ಅಲ್ಲಾಡಿದರೂ ಮೂಳೆಯ ಬದಲು ನಾರು ಬೆಳೆಯಬಹುದು. ಅದೇ ಕಾರಣಕ್ಕೆ ಆ ಜಾಗಕ್ಕೆ ಬ್ರಷ್ ತಾಗಿಸುವಂತಿಲ್ಲ, ಅದರ ಮೇಲೆ ಒತ್ತುವಂಥ, ಬೇಕಾದಾಗ ತೆಗೆದಿಡುವ ಕಟ್ಟಿಸಿದ ಹಲ್ಲು ಧರಿಸುವಂತಿಲ್ಲ. ಸಿಗರೇಟು ಸೇದುವವರಿಗೆ, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೆ ಮೊದಲು ಅದನ್ನು ಸರಿಮಾಡಿಕೊಂಡು ಬನ್ನಿ ಅನ್ನುತ್ತಾರೆ. ಮೂಳೆ ಸವೆತಕ್ಕೆ ಮಾತ್ರೆಯನ್ನೋ ಇಂಜೆಕ್ಷನ್ನನ್ನೋ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಮುಚ್ಚಿಡದೆ ಹೇಳಬೇಕು. ಅವುಗಳಲ್ಲಿ ಕೆಲವು ದವಡೆಯ ಗಾಯ ಮಾಗದಂತೆ ಮಾಡಬಲ್ಲವು.

ಎರಡನೇ ದಿನ, ಮೂರನೇ ದಿನ ಕೆನ್ನೆ ಊದಿ ಕಣ್ಣಿನ ಕೆಳಗಿನವರೆಗೆ ಬಂತು. ಇದು ಗೊತ್ತಿದ್ದ ವಿಷಯ, ಹೆದರಲಿಲ್ಲ. ಹೆದರಿದ್ದು ಹತ್ತನೇ ದಿನ. ಬೆಳಿಗ್ಗೆ ಬಾಯಿ ಮುಕ್ಕಳಿಸಿ ಉಗುಳಿದಾಗ ಬೇಸಿನ್ನಿನಲ್ಲಿ ಮೂರು ನಾಲ್ಕು ಬಿಳಿ ಕಾಳು. ಕೈ ನಡುಗಿತು. ಆ ಕಾಳುಗಳನ್ನು ಬೆರಳಲ್ಲಿ ತೆಗೆದು ಕಾಗದದ ಮೇಲೆ ಇಟ್ಟೆ, ಮತ್ತೆ ಹಾಕಿಸಬಹುದೇನೋ ಎನ್ನುವ ಹಾಗೆ. ಹೊಲಿಗೆ ಒಂದು ಕಡೆ ಬಿಟ್ಟು, ಒಂದು ಸಣ್ಣ ಬಾಯಿ ತೆರೆದಿತ್ತು. ಡಾಕ್ಟರ್ ನೋಡಿ, ಕೀವಿಲ್ಲ ಎಂದು ಖಾತ್ರಿ ಮಾಡಿಕೊಂಡು, ಏನೂ ಕೆದಕಲಿಲ್ಲ. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಮುಂದುವರಿಸಲು ಹೇಳಿ ಮೂರು ದಿನಕ್ಕೊಮ್ಮೆ ಕರೆದರು. ಎರಡು ವಾರದಲ್ಲಿ ವಸಡು ತಾನೇ ಬಂದು ಮುಚ್ಚಿಕೊಂಡಿತು. ಎಲ್ಲರಿಗೂ ಹೀಗೆ ಸುಲಭದಲ್ಲಿ ಮುಗಿಯುವುದಿಲ್ಲ. ಹೀಗೆ ತೆರೆದ ಬಾಯಿಂದ ಸೋಂಕು ಒಳಗೆ ಹೋಗಿ, ಹಾಕಿದ್ದನ್ನೆಲ್ಲ ತೆಗೆದು ಮತ್ತೆ ಮೊದಲಿನಿಂದ ಶುರು ಮಾಡಬೇಕಾದವರೂ ಇದ್ದಾರೆ. ಒಪ್ಪಿಕೊಳ್ಳುವ ಮುಂಚೆ ಇದು ಗೊತ್ತಿರಬೇಕು.

ಆಮೇಲೆ ಆರು ತಿಂಗಳು ಕಾಯುವುದು. ಈ ತಿಂಗಳುಗಳ ಬಗ್ಗೆ ಬರೆಯಲು ಹೆಚ್ಚೇನಿಲ್ಲ. ಹೊರಗಿನಿಂದ ಏನೂ ಕಾಣುವುದಿಲ್ಲ. ಆದರೆ ಈ ಸಲದ ಕಾಯುವಿಕೆ ಹಳೆಯ ಆರು ವರ್ಷದಂಥದ್ದಲ್ಲ ಎಂಬ ನೆಮ್ಮದಿ ಇತ್ತು. ಆಗ ಒಳಗೆ ಕರಗುತ್ತಿತ್ತು, ಈಗ ಕಟ್ಟುತ್ತಿದೆ.

ಹೊಸ ಸ್ಕ್ಯಾನಿನಲ್ಲಿ 7.1 ಬಂತು. ಇಂಪ್ಲಾಂಟ್ ಹಾಕುವ ದಿನ ಹೊಸ ಮೂಳೆಗೆ ಕೊರೆದಾಗ ರಕ್ತ ಒಸರಿತಂತೆ. ಡಾಕ್ಟರ್ ಅದರ ಫೋಟೋ ತೆಗೆದು ತೋರಿಸಿದರು. "ನೋಡಿ, ಜೀವ ಇದೆ" ಅಂದರು. ಸಾಮಾನ್ಯವಾಗಿ ರಕ್ತ ನೋಡಿದರೆ ಮುಖ ತಿರುಗಿಸುವವಳು ನಾನು. ಆ ಫೋಟೋವನ್ನು ಕೇಳಿ ಪಡೆದು ಫೋನಿನಲ್ಲಿ ಇಟ್ಟುಕೊಂಡಿದ್ದೇನೆ.

ಇಂಪ್ಲಾಂಟ್ ಟೈಟೇನಿಯಂ ಲೋಹದ್ದು. ಲೋಹ ಮೂಳೆಯೊಂದಿಗೆ ಒಂದಾಗುತ್ತದೆ ಎಂದು ಗೊತ್ತಾದದ್ದೂ ಆಕಸ್ಮಿಕವಾಗಿ. ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೋನೆಮಾರ್ಕ್ 1952ರಲ್ಲಿ ಮೊಲದ ಕಾಲಿನ ಮೂಳೆಯಲ್ಲಿ ರಕ್ತ ಹರಿಯುವುದನ್ನು ನೋಡಲು ಒಂದು ಟೈಟೇನಿಯಂ ಸಾಧನ ಕೂರಿಸಿದ್ದರು. ಕೆಲಸ ಮುಗಿದ ಮೇಲೆ ತೆಗೆಯಲು ಹೋದರೆ ಬರಲಿಲ್ಲ, ಮೂಳೆ ಅದನ್ನು ಹಿಡಿದುಕೊಂಡಿತ್ತು. 1965ರಲ್ಲಿ ಯೋಸ್ಟಾ ಲಾರ್ಸನ್ ಎಂಬವರ ದವಡೆಗೆ ಇಂಪ್ಲಾಂಟ್ ಹಾಕಿದರು. 2006ರಲ್ಲಿ ಸಾಯುವವರೆಗೂ ಅವು ಲಾರ್ಸನ್ನರ ಬಾಯಲ್ಲಿ ಕೆಲಸ ಮಾಡುತ್ತಿದ್ದವು. ಯೂರಿಸ್ಟ್ ಮೂಳೆಯ ಕರೆಯನ್ನು ಕಂಡುಕೊಂಡ ವರ್ಷವೂ 1965. ಭೂಮಿಯ ಎರಡು ಮೂಲೆಯಲ್ಲಿ ನಡೆದ ಆ ಎರಡು ಕೆಲಸ ನನ್ನ ಒಂದು ಹಲ್ಲಿನ ಜಾಗದಲ್ಲಿ ಬಂದು ಸೇರಿವೆ.

ಇಲ್ಲಿಗೆ ಮುಗಿಯಿತು ಅಂದುಕೊಂಡೆ. ವಸಡು ಬಾಕಿ ಇತ್ತು.

ನಮ್ಮ ವಸಡಿನಲ್ಲಿ ಎರಡು ಬಗೆ ಇದೆ, ಈಗ ಬೇಕಾದರೆ ಕನ್ನಡಿಯಲ್ಲಿ ನೋಡಿ. ಹಲ್ಲಿನ ಬುಡದಲ್ಲಿ ತಿಳಿ ಗುಲಾಬಿ ಬಣ್ಣದ, ಗಟ್ಟಿಯಾದ, ಅಲ್ಲಾಡದ ಪಟ್ಟಿ. ಅದಕ್ಕಿಂತ ಆಚೆ ಕೆಂಪಗಿನ, ತೆಳುವಾದ, ತುಟಿಯ ಜೊತೆ ಎಳೆದಾಡುವ ಚರ್ಮ. ನನ್ನ ಮೂಳೆಯನ್ನು ಮುಚ್ಚಲು ವಸಡನ್ನು ಎಳೆದು ತಂದಿದ್ದರಲ್ಲ, ಆಗ ಗಟ್ಟಿ ಪಟ್ಟಿ ಒಳಕ್ಕೆ ಸರಿದು ಅದರ ಜಾಗಕ್ಕೆ ಎಳೆದಾಡುವ ಚರ್ಮ ಬಂದು ಕೂತಿತ್ತು. ಒಂದನ್ನು ಕಟ್ಟಲು ಇನ್ನೊಂದನ್ನು ಸಾಲ ತೆಗೆದ ಹಾಗೆ.

ಇಂಪ್ಲಾಂಟಿನ ಸುತ್ತ ಇದು ಯಾಕೆ ಮುಖ್ಯ ಅಂದರೆ, ಸ್ವಂತ ಹಲ್ಲಿನ ಬೇರಿಗೆ ವಸಡಿನ ನಾರುಗಳು ನೇರ ಹೊಕ್ಕು ಹಿಡಿದಿರುತ್ತವೆ. ಲೋಹದೊಳಗೆ ನಾರು ಹೊಗಲಾರದು. ಪಕ್ಕದಲ್ಲಿ, ಉದ್ದಕ್ಕೆ, ಅಪ್ಪಿಕೊಂಡ ಹಾಗೆ ನಿಲ್ಲುತ್ತದೆ ಅಷ್ಟೇ. ಸುತ್ತಲಿನ ವಸಡು ಎಳೆದಾಡುತ್ತಿದ್ದರೆ ಬ್ರಷ್ ಮಾಡುವಾಗ ನೋಯುತ್ತದೆ. ನೋವಿಗೆ ಹೆದರಿ ಸರಿಯಾಗಿ ಉಜ್ಜುವುದಿಲ್ಲ. ಪಾಚಿ ಕಟ್ಟಿ, ಊತ ಬಂದು, ಕಷ್ಟಪಟ್ಟು ಕಟ್ಟಿದ ಮೂಳೆಯೇ ಮತ್ತೆ ಕರಗಲು ಶುರುವಾಗಬಹುದು. ಕನಿಷ್ಠ 2 ಮಿಲಿಮೀಟರ್ ಗಟ್ಟಿ ಪಟ್ಟಿ ಇದ್ದರೆ ಒಳ್ಳೆಯದು ಎಂದು ಬಹಳ ದಂತವೈದ್ಯರು ಹೇಳುವುದು ಇದಕ್ಕೇ.

ಆ ಪಟ್ಟಿಯನ್ನು ಅಂಗುಳದಿಂದ ತಂದರು. ಅಲ್ಲಿಂದ ಒಂದು ತುಂಡು, ಒಂದೂವರೆ ಮಿಲಿಮೀಟರಿಗಿಂತಲೂ ತೆಳು. ಮೊದಲ ಎರಡು ಮೂರು ದಿನ ಅದಕ್ಕೆ ತನ್ನದೇ ರಕ್ತನಾಳ ಇರುವುದಿಲ್ಲ. ಕೆಳಗಿನಿಂದ ಒಸರುವ ನೀರನ್ನೇ ಹೀರಿಕೊಂಡು ಬದುಕಿರುತ್ತದೆ. ಆಮೇಲೆ ನಾಳಗಳು ಕೂಡಿಕೊಳ್ಳುತ್ತವೆ. ಮಾಗುವಾಗ ಕುಗ್ಗುತ್ತದೆ, ಹಾಗಾಗಿ ಬೇಕಾದ್ದಕ್ಕಿಂತ ದೊಡ್ಡದನ್ನೇ ತೆಗೆಯುತ್ತಾರೆ. ನನ್ನ ಮನಸ್ಸಿಗೆ ತುಂಬಾ ಹತ್ತಿರವಾದ ವಿಷಯ ಇನ್ನೊಂದು. ಅಂಗುಳದ ತುಂಡನ್ನು ಎಲ್ಲಿ ನೆಟ್ಟರೂ ಅದು ಅಂಗುಳದ ಗುಣವನ್ನೇ ಉಳಿಸಿಕೊಳ್ಳುತ್ತದೆ. ಸುತ್ತ ಮೆದು ಚರ್ಮ ಇದ್ದರೂ ತಾನು ಗಟ್ಟಿಯಾಗಿಯೇ ಇರುತ್ತದೆ. ಮೂಳೆಯ ವಿಷಯದಲ್ಲಿ ಜಾಗ ಕಾದರೆ ಮೈ ಕಟ್ಟಿಕೊಳ್ಳುತ್ತದೆ. ವಸಡಿನಲ್ಲಿ ಹೊರಗಿನಿಂದ ತಂದು ನೆಟ್ಟದ್ದೇ ಉಳಿಯುತ್ತದೆ.

ನೋವು? ಮೂಳೆಯ ಕೆಲಸಕ್ಕಿಂತ ಅಂಗುಳದ ಗಾಯವೇ ಜಾಸ್ತಿ ನೋಯಿತು. ಒಂದು ವಾರ ಬಿಸಿಯಾದದ್ದು ಏನೂ ನುಂಗಲಾಗಲಿಲ್ಲ. ನೆಟ್ಟ ತುಂಡಿನ ಬಣ್ಣ ಪಕ್ಕದ್ದಕ್ಕಿಂತ ಸ್ವಲ್ಪ ಬಿಳಿಚಿದೆ, ತೇಪೆ ಹಾಕಿದಂತೆ. ಡಾಕ್ಟರ್ ಇದನ್ನು ಮೊದಲೇ ಹೇಳಿದ್ದರು. ನಾನು ನಗುವಾಗ ತುಟಿ ಅಷ್ಟು ಮೇಲೆ ಹೋಗುವುದಿಲ್ಲ ಎಂದು ನೋಡಿಕೊಂಡೇ ಈ ವಿಧಾನ ಆರಿಸಿದ್ದರು. ನಕ್ಕರೆ ವಸಡು ಕಾಣುವವರಿಗೆ ಬೇರೆ ವಿಧಾನ ಇದೆ, ಅಂಗುಳದ ಒಳಪದರವನ್ನು ಮಾತ್ರ ತೆಗೆದು ವಸಡಿನ ಅಡಿಗೆ ಸೇರಿಸುತ್ತಾರೆ. ಬಣ್ಣ ಹೊಂದಿಕೊಳ್ಳುತ್ತದೆ.

ಎಲ್ಲವೂ ಹೀಗೆ ಕಟ್ಟಲು ಬರುತ್ತದೆ ಎಂದು ಹೇಳಲಾರೆ. ಅಗಲ ಮರಳಿ ಪಡೆಯುವುದಕ್ಕಿಂತ ಎತ್ತರ ಮರಳಿ ಪಡೆಯುವುದು ಬಹಳ ಕಷ್ಟ. ಮೇಲಿನ ಹಿಂದಿನ ಹಲ್ಲುಗಳಾದರೆ ಸೈನಸ್ ಎಂಬ ಗಾಳಿಗೂಡು ಕೆಳಗಿಳಿದಿರುತ್ತದೆ. ಅದರ ತೆಳು ಪೊರೆಯನ್ನು ಹರಿಯದಂತೆ ಎತ್ತಿ ಅಡಿಗೆ ಮೂಳೆ ತುಂಬಬೇಕು. ಆಮೇಲೆ ಕೆಲವು ವಾರ ಮೂಗು ಜೋರಾಗಿ ಸೀಟುವಂತಿಲ್ಲ. ಅಮ್ಮನ ಕೆಳದವಡೆಯಂಥದ್ದಕ್ಕೆ ದೊಡ್ಡ ಆಪರೇಷನ್ನೇ ಬೇಕು. ಅವರ ವಯಸ್ಸಿಗೆ ಅದು ಬೇಡ ಅಂದೆವು. ದವಡೆಯ ಮುಂಭಾಗದಲ್ಲಿ ಉಳಿದಿರುವ ಮೂಳೆಗೇ ಎರಡು ಇಂಪ್ಲಾಂಟ್ ಹಾಕಿ, ಸೆಟ್ಟನ್ನು ಅದಕ್ಕೆ ಸಿಕ್ಕಿಸಬಹುದಂತೆ. ಅಮ್ಮ ಇನ್ನೂ ಯೋಚಿಸುತ್ತಿದ್ದಾರೆ.

ಹೋದ ತಿಂಗಳು ತಂಗಿ ಫೋನ್ ಮಾಡಿದಳು. ಅವಳ ಒಂದು ಹಲ್ಲು ಕೀಳಿಸಬೇಕು ಅಂದಿದ್ದಾರೆ, ನಾಳೆಯೇ. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. "ಕಿತ್ತ ಮೇಲೆ ಗುಳಿಗೆ ಏನು ಮಾಡ್ತೀರಿ ಅಂತ ಕೇಳು. ಆಮೇಲೆ ನೋಡೋಣ ಅಂದ್ರೆ, ಆಮೇಲೆ ಅಂದ್ರೆ ಯಾವಾಗ ಅಂತ ಕೇಳು" ಅಂದೆ. ಕಿತ್ತ ದಿನವೇ ಗುಳಿಗೆ ಕಾಳು ತುಂಬಿ ಮುಚ್ಚಿದರೆ ಮೂಳೆ ಕರಗುವುದು ಪೂರ್ತಿ ನಿಲ್ಲುವುದಿಲ್ಲ, ಆದರೆ ಬಹಳ ಕಡಿಮೆಯಾಗುತ್ತದೆ. ಎಲ್ಲ ಹಲ್ಲಿಗೂ ಬೇಕೆಂದಿಲ್ಲ. ಬೇಕೋ ಬೇಡವೋ ಎಂದು ಅವತ್ತೇ ಮಾತಾಡಬೇಕು.

ಮರುದಿನ ಸಂಜೆ ಮತ್ತೆ ಫೋನ್ ಬಂತು. ಬಾಯಿ ಇನ್ನೂ ಮರಗಟ್ಟಿತ್ತು, ಮಾತು ತೊದಲುತ್ತಿತ್ತು. "ತುಂಬಿ ಹೊಲಿಗೆ ಹಾಕಿದ್ದಾರೆ, ಅಕ್ಕ. ನಾಲ್ಕು ತಿಂಗಳು ಬಿಟ್ಟು ಸ್ಕ್ಯಾನ್ ಅಂತೆ."

"ತುಟಿ ಎತ್ತಿ ನೋಡ್ಬೇಡ" ಅಂದೆ.